ಹಾಲೇಶಪ್ಪನವರ ಮಿಲ್ಲಿನ ಕಬ್ಬಿಣ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಲ್ಲಿಕ್ ತನ್ನ ಹೊಸ ಗೋಡೌನಿನ ಪಿಲ್ಲರ್‌ಗಳನ್ನು ಒಂದೊಂದಾಗಿ ತಟ್ಟಿ ತೋರಿಸುತ್ತಿದ್ದರೆ ಶೈಲಜಾಗೆ ನಗು ತಡೆಯುವುದೇ ಕಷ್ಟವಾಯಿತು. ಒಳಗಿಡುವುದು ಶೇಂಗಾ ಎಣ್ಣೆಯ ಡಬ್ಬ. ಪಿಲ್ಲರ್‌ಗಳು ಮಾತ್ರ, ಮೇಲೆ ಆನೆಗಳನ್ನು ಸಾಲಾಗಿ ಕಟ್ಟುತ್ತಾನೇನೋ ಎಂಬಷ್ಟು ದಪ್ಪ.

"ಹೆಂಗೈತಕ್ಕಾ?"

"ಭೂಕಂಪ ಆದ್ರೆ ಊರೆಲ್ಲ ಬಂದು ಇಲ್ಲೇ ಕೂರಬೌದು ಬಿಡು."

ಅದನ್ನು ಹೊಗಳಿಕೆ ಎಂದುಕೊಂಡು ಅವನು ಮೀಸೆ ನೀವಿಕೊಂಡ.

ಶೈಲಜಾ ಅವನ ದೊಡ್ಡಪ್ಪನ ಮಗಳು, ಕಟ್ಟಡಗಳ ಎಂಜಿನಿಯರ್. ಈ ಗೋಡೌನಿಗೆ ನಕ್ಷೆ ಬರೆದವಳೂ ಅವಳೇ. ಆ ನಕ್ಷೆಯಲ್ಲಿ ಪಿಲ್ಲರ್‌ಗಳು ಇದರ ಅರ್ಧ ದಪ್ಪವೂ ಇರಲಿಲ್ಲ. ಚಾವಣಿ ಹೊರುವುದಕ್ಕೆ ತಾತ ಹಾಲೇಶಪ್ಪನವರ ಹಳೇ ಮಿಲ್ಲಿನ, ತ್ರಿಕೋನ ಚೌಕಟ್ಟಿನ ಕಬ್ಬಿಣದ ಟ್ರಸ್‌ಗಳನ್ನೇ ಬಿಚ್ಚಿ ತಂದು ಕೂರಿಸಬೇಕೆಂದಿತ್ತು.

"ಉಕ್ಕು, ಸಿಮೆಂಟು ಸುಮ್ನೆ ಹುಟ್ಟಲ್ಲ ಮಲ್ಲಿಕ್," ಎಂದು ಅವಳು ಆಗಲೇ ತಿಳಿಹೇಳಿದ್ದಳು. "ಒಂದು ಟನ್ ಹೊಸ ಉಕ್ಕು ಮಾಡಾಕೆ ಎರಡು ಟನ್ ಆಸುಪಾಸು ಇಂಗಾಲದ ಗಾಳಿ ಮೇಲಕ್ಕೋಗ್ತೈತೆ. ಇರೋದನ್ನ ಬಳಸು. ಹೊಸದು ಬೇಕಾದಷ್ಟೇ ಹಾಕು."

"ಹಳೇ ಕಬ್ಬಿಣ ಹಾಕಿದ್ರೆ ಬೀಗರು ನಗ್ತಾರಕ್ಕಾ," ಎಂದಿದ್ದ ಅವನು. ಅವಳಿಗೆ ಹೇಳದೆ ಪಿಲ್ಲರ್‌ಗಳನ್ನು ದಪ್ಪ ಮಾಡಿಸಿದ. ಪರಿಸರ ದಿನದಂದು ಗೇಟಿನ ಪಕ್ಕ ಒಂದು ಬೇವಿನ ಸಸಿ ನೆಟ್ಟು, ಅದಕ್ಕಿಂತ ಎತ್ತರದ ಫ್ಲೆಕ್ಸ್ ಕಟ್ಟಿಸಿದ.

"ಟ್ರಸ್ ಎಲ್ಲಿಟ್ಟೀಯ?" ಈಗ ಶೈಲಜಾ ಕೇಳಿದಳು.

"ಗುಜರಿಗೆ ಹಾಕ್ದೆ."

ಶೈಲಜಾ ಅಲ್ಲಿಂದ ನೇರ ಗುಜರಿ ಅಂಗಡಿಗೆ ಹೋದಳು. ಅಷ್ಟರಲ್ಲಿ ಎರಡು ಟ್ರಸ್‌ಗಳು ಗ್ಯಾಸ್ ಕಟ್ಟರ್‌ಗೆ ಸಿಕ್ಕಿ ತುಂಡಾಗಿ ಬಿದ್ದಿದ್ದವು. ತಾತನ ಕಾಲದ ಗಟ್ಟಿ ಕಬ್ಬಿಣ ಹೀಗೆ ಹಾಳಾಗಿದ್ದು ಕಂಡು ಅವಳು ಕಟ್ಟರ್ ಆರಿಸಲು ಹೇಳಿದಳು. ಉಳಿದವನ್ನು ತೂಕದ ಲೆಕ್ಕದಲ್ಲಿ ಕೊಂಡು ಲಾರಿಗೆ ಹೇರಿಸಿದಳು. ಮೊಳಕಾಲ್ಮೂರಿನ ರೇಷ್ಮೆ ನೇಕಾರ ಹೆಂಗಸರ ಸಂಘಕ್ಕೆ ಒಂದು ಶೆಡ್ಡು ಮಂಜೂರಾಗಿತ್ತು. ಅದರ ನಕ್ಷೆಯೂ ಅವಳದೇ. ಲಾರಿ ಅಲ್ಲಿಗೇ ಹೋಯಿತು.

ಲಾರಿ ನೋಡಿದ್ದೇ ಸಂಘದ ಮುಖ್ಯಸ್ಥೆ ಯರ್ರಮ್ಮ ಪಕ್ಕದವಳತ್ತ ತಿರುಗಿ, "ಪಾತ ಇನುಮು ಮನಕಾ?" ಎಂದು ತೆಲುಗಿನಲ್ಲಿ ಮೂಗು ಮುರಿದಳು. ಹಳೇ ಕಬ್ಬಿಣ ನಮಗಾ? ಅರ್ಥವಾಗದಿರಲು ಶೈಲಜಾ ಬೇರೆ ಸೀಮೆಯವಳಲ್ಲ. ಇವರೂ ಮಲ್ಲಿಕನ ಥರದವರೇ ಎಂದು ಒಳಗೇ ಹಲ್ಲು ಕಡಿದಳು.

"ಯರ್ರಮ್ಮ, ತುಕ್ಕು ಉಜ್ಜಿಸಿ ಒಂದೊಂದನ್ನೂ ಪರೀಕ್ಷೆ ಮಾಡಿಸ್ತೀನಿ. ತಡೀಲಿಲ್ಲ ಅಂದ್ರೆ ವಾಪಸ್ ತಗಂಡೋಗ್ತೀನಿ."

"ಭಾರ ಹಾಕಿ ತೋರ್ಸಿ, ಆಮೇಲೆ ನೋಡಾನ," ಎಂದಳು ಯರ್ರಮ್ಮ.

ಮರಳಿನ ಚೀಲಗಳನ್ನು ಹೇರಿ ತೋರಿಸಿದ್ದಾಯಿತು. ಕಬ್ಬಿಣ ಜಗ್ಗಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಶೆಡ್ಡು ಎದ್ದು ನಿಂತಿತು. ಹೊಸ ಉಕ್ಕು ಬಿದ್ದದ್ದು ತೆಳ್ಳಗಿನ ಕಂಬಗಳಿಗೆ ಮಾತ್ರ.

ಹಳೇ ಕಬ್ಬಿಣದ ಶೆಡ್ಡಿನ ಸುದ್ದಿ ಪತ್ರಿಕೆಯಲ್ಲಿ ಬಂತು. ಬಂದ ಮೇಲೆ ಮಲ್ಲಿಕ್ ಬಾರದಿರುತ್ತಾನೆಯೇ? ಜೊತೆಗೆ ಇನ್ನೊಬ್ಬ ಮಿಲ್ಲಿನ ಮಾಲೀಕ ಪಾತಣ್ಣನನ್ನು ಕೂರಿಸಿಕೊಂಡು, ಕಾರಿನ ಮೇಲೆ ಫ್ಲೆಕ್ಸ್ ಕಟ್ಟಿಕೊಂಡು ಬಂದಿಳಿದ. ಕೈ ಮುಗಿದ ಅವನ ಫೋಟೊದ ಕೆಳಗೆ 'ಭೂಮಿತಾಯಿಗೆ ನಮ್ಮ ಕೊಡುಗೆ' ಎಂದಿತ್ತು.

"ನಮ್ಮ ಟ್ರಸ್ ಅಲ್ವೇನಕ್ಕಾ? ಈ ಫ್ಲೆಕ್ಸ್ ಬಾಗಿಲ ಮ್ಯಾಲೆ ಕಟ್ಟಿಸ್ಬಿಡು," ಎಂದ, ನಾಚಿಕೆಯ ಸುಳಿವೂ ಇಲ್ಲದೆ.

ಶೈಲಜಾ ಬಾಯಿ ತೆರೆಯುವ ಮೊದಲೇ ಯರ್ರಮ್ಮ ಮುಂದೆ ಬಂದಳು. "ನೀವು ಬಿಸಾಕಿದ್ದು ಸಾಮಿ, ಕೊಟ್ಟಿದ್ದಲ್ಲ." ಫ್ಲೆಕ್ಸಿನ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದಳು. "ಇದು ದಪ್ಪ ಐತೆ. ಬಿಟ್ಟೋಗ್ರಿ, ಸೌದೆ ಮುಚ್ಚಾಕಾಗ್ತೈತೆ."

ಹೆಂಗಸರು ಗೊಳ್ಳೆಂದರು. ಮಲ್ಲಿಕ್ ಫೋನು ಬಂದವನಂತೆ ಕಿವಿಗೆ ಕೈಹಚ್ಚಿ ಕಾರಿನತ್ತ ನಡೆದ. ಮೊದಲ ಬಾರಿಗೆ ಶೈಲಜಾಗೆ ಯರ್ರಮ್ಮನ ಮೇಲೆ ಅಕ್ಕರೆ ಹುಟ್ಟಿತು.

ಪಾತಣ್ಣ ಮಾತ್ರ ಹೊರಡದೆ ಕತ್ತೆತ್ತಿ ಚಾವಣಿ ನೋಡುತ್ತಿದ್ದ. "ನಂದೂ ಒಂದು ಹಳೇ ಮಿಲ್ಲು ಐತ್ರಿ ಮೇಡಂ. ಕೆಡವ್ಬೇಕು ಅಂತಿದ್ದೆ. ಹಿಂಗೆ ಕಟ್ಟಿದ್ರೆ ಖರ್ಚು ಉಳೀತೈತಾ?"

ಇವನಿಗೂ ಭೂಮಿಯ ಚಿಂತೆಯಲ್ಲ, ಜೇಬಿನ ಚಿಂತೆ. ಶೈಲಜಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆದರೆ ಕಬ್ಬಿಣ ಭಟ್ಟಿಗೆ ಬೀಳದೆ ಉಳಿದರೆ ಸಾಕು, ಉಳಿಸಿದವನ ಮನಸ್ಸಿನಲ್ಲಿ ಏನಿತ್ತೆಂದು ಅದು ವಿಚಾರಿಸುವುದಿಲ್ಲ.

"ಉಳೀತೈತೆ," ಎಂದಳು. "ನಾಳೆ ಬರ್ತೀನಿ. ಅಲ್ಲೀತನ ಗ್ಯಾಸ್ ಕಟ್ಟರ್‌ನೋನ್ನ ಒಳಗೆ ಬಿಡಬ್ಯಾಡ್ರಿ. ಬೋಲ್ಟ್ ಬಿಚ್ಚೇ ಇಳಿಸ್ಬೇಕು."