ಕುಂಕುಮದ ಕೆಳಗಿನ ತಾರೀಖು

ನಾನು ಒಂದು ವಿಮಾ ಪತ್ರ. ಗದಗಿನ ಒಂದು ಕಚೇರಿಯ ಪ್ರಿಂಟರಿನಿಂದ ಜೂನ್ ತಿಂಗಳ ಒಂದು ಮಧ್ಯಾಹ್ನ ಬಿಸಿಬಿಸಿಯಾಗಿ ಹೊರಬಿದ್ದೆ. ಆಯುಷ್ಯ ಒಂದೇ ವರ್ಷ. ಹಾಗೆಂದು ನನ್ನ ಎದೆಯ ಮೇಲೇ ಅಚ್ಚಾಗಿತ್ತು. ಓದುವವರು ಬೇಕಲ್ಲ.

ನನ್ನ ಧಣಿ ಗಾದಿ ಅಂಗಡಿಯ ಚನ್ನವೀರಪ್ಪ. ಅವನ ಸಂಸಾರ ನಡೆಯುತ್ತಿದ್ದದ್ದೇ ಆ ಅಂಗಡಿಯ ಹತ್ತಿಯಿಂದ. ಅವನು ನನ್ನನ್ನು ಓದಲಿಲ್ಲ. ಲ್ಯಾಮಿನೇಷನ್ ಮಾಡಿಸಿ ಅಂಗಡಿಯೊಳಗಿನ ವೀರಭದ್ರನ ಫೋಟೋದ ಪಕ್ಕ ನಿಲ್ಲಿಸಿದ.

“ಒಮ್ಮೆ ಓದೇರ ಓದ್ರಿ,” ಅಂದಳು ಹೆಂಡತಿ ನೀಲವ್ವ.

“ಓದಾಕ ಇದೇನ್ ಕಾಗದಾ? ಬಾಂಡ್ ಐತಿ. ಇನ್ನ ನೂರು ವರ್ಷ ಚಿಂತಿ ಇಲ್ಲ.”

ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ನಾನೇನು ತಾಯತವೇ? ನೂರಾರು ಅಂಗಡಿಯವರು ವರ್ಷವರ್ಷ ಸ್ವಲ್ಪ ಸ್ವಲ್ಪ ಹಾಕಿ, ನಷ್ಟಕ್ಕೆ ಸಿಕ್ಕ ಒಬ್ಬನನ್ನು ಎತ್ತಿ ನಿಲ್ಲಿಸುವ ಏರ್ಪಾಟು ನಾನು. ಬೆಂಕಿ ತಡೆಯುವುದು ನನ್ನ ಕೆಲಸವಲ್ಲ.

ದಸರೆಯ ಆಯುಧಪೂಜೆಯ ದಿನ ಹತ್ತಿ ಹಿಂಜುವ ಯಂತ್ರಕ್ಕೆ, ಕತ್ತರಿಗೆ, ಕೊನೆಗೆ ನನಗೂ ಕುಂಕುಮ ಹಚ್ಚಿದ. ಅದೂ ಎಲ್ಲಿ? ಅವಧಿ ಮುಗಿಯುವ ತಾರೀಖಿನ ಮೇಲೆ ಸರಿಯಾಗಿ, ಹೆಬ್ಬೆಟ್ಟಿನಗಲ. ಮುಂದಿನ ಬೇಸಿಗೆಯಲ್ಲಿ ಕಂತು ಕಟ್ಟಿರೆಂದು ಫೋನಿಗೆ ಸಂದೇಶಗಳು ಬಂದವು. ಮೋಸಗಾರರದ್ದೆಂದು ಎಲ್ಲವನ್ನೂ ಅಳಿಸಿದ. ಜೂನ್ ಬಂತು, ನಾನು ಸತ್ತೆ. ಅವನು ಮಾತ್ರ ದಿನಾ ಊದುಬತ್ತಿ ಬೆಳಗುತ್ತಲೇ ಇದ್ದ.

ಆಗಸ್ಟಿನಲ್ಲಿ ಯಂತ್ರದ ವೈರಿನಿಂದ ಕಿಡಿ ಹಾರಿ ಹತ್ತಿಗೆ ಬೆಂಕಿ ಹತ್ತಿತು. ಚನ್ನವೀರಪ್ಪ ಹೊಗೆಯೊಳಗೆ ನುಗ್ಗಿದ. ಹೊಸ ಗಾದಿಗಳು ಬಾಗಿಲಲ್ಲೇ ಇದ್ದವು, ಒಂದನ್ನೂ ಮುಟ್ಟಲಿಲ್ಲ. ಆ ಹುಚ್ಚ ನನ್ನನ್ನು ಎದೆಗವಚಿಕೊಂಡು ಹೊರಗೆ ಓಡಿ ಬಂದ. ಮುಂಗೈ ಸುಟ್ಟಿತ್ತು. “ಬಾಂಡ್ ಉಳೀತು, ನಾವು ಉಳದ್ವಿ,” ಎಂದು ನೀಲವ್ವನಿಗೆ ಹೇಳಿ ನಕ್ಕ. ನನಗೆ ಬಾಯಿಲ್ಲದ್ದಕ್ಕೆ ಅವತ್ತಿನಷ್ಟು ಯಾವತ್ತೂ ಸಂಕಟವಾಗಿರಲಿಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿ ತಾರೀಖು ನೋಡಿದ.

“ಯಜಮಾನ್ರ, ಇದು ಜೂನ್‌ದಾಗ ಮುಗದೈತ್ರಿ.”

ಚನ್ನವೀರಪ್ಪ ಸುಟ್ಟ ಕೈಯಿಂದ ಆ ತಾರೀಖನ್ನು ಮತ್ತೆ ಮತ್ತೆ ಸವರಿದ.

ಈಗ ಮನೆಯ ಪಡಸಾಲೆಯಲ್ಲೇ ಕೂತು ಹಳೇ ಗಾದಿ ಹೊಲಿಯುತ್ತಾನೆ. ಆ ಇಷ್ಟು ಕೆಲಸಕ್ಕೂ ಒಂದು ಸಣ್ಣ ಹೊಸ ವಿಮೆ ಮಾಡಿಸಿದ್ದಾರೆ. ಆ ಹೊಸ ಪತ್ರದ ಹಿಂದೆ ನಾನಿದ್ದೇನೆ, ಎಸೆಯಲು ನೀಲವ್ವ ಬಿಡಲಿಲ್ಲ.

ಈ ದಸರೆಗೆ ಅವನು ಮತ್ತೆ ಕುಂಕುಮದ ಬಟ್ಟಲಿಗೆ ಬೆರಳದ್ದಿದ. ನೀಲವ್ವ ಮಣಿಕಟ್ಟು ಹಿಡಿದಳು.

“ಮೊದ್ಲ ಓದ್ರಿ.”

ಅವನು ಹೊಸ ಪತ್ರದ ತಾರೀಖನ್ನು ಗಟ್ಟಿಯಾಗಿ ಓದಿದ. ಆಮೇಲೆ ಮೂಲೆಯಲ್ಲಿ, ಖಾಲಿ ಜಾಗ ಹುಡುಕಿ, ಸಾಸಿವೆಯಷ್ಟು ಕುಂಕುಮ ಇಟ್ಟ.