ಕೈತುತ್ತು ಒಲ್ಲದ ಕೆಂಚಿ

ಕೂಡ್ಲಿಗಿಯಿಂದ ಗುಡೇಕೋಟೆಯ ದಿಕ್ಕಿಗೆ ಹೋಗುವಾಗ ಸಿಗುವ ಊರುಗಳಲ್ಲಿ ಅದೂ ಒಂದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಊರುಗಳು ಇದು ತಮ್ಮ ಮಾತಲ್ಲವೆಂದು ನಿಶ್ಚಿಂತೆಯಿಂದ ಮಗ್ಗುಲು ಬದಲಿಸಿ ಮಲಗುತ್ತವೆ. ಆ ಊರಿನ ದನದ ದವಾಖಾನೆಯಲ್ಲಿ ಏಕಾಂತಪ್ಪ ಹತ್ತೊಂಬತ್ತು ವರ್ಷಗಳಿಂದ ಕಾಂಪೌಂಡರ್ ಆಗಿದ್ದ. ಲಿಂಗಪೂಜೆಯಾಗದೆ ನೀರು ಮುಟ್ಟದವನು, ಕುಂಟುವ ಎತ್ತಿನ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುವವನು, ಮೃದುವಾದ ಕೈಯವನು ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರಿತ್ತು. ಆ ಹೆಸರು ಸುಳ್ಳಲ್ಲ. ಸುಳ್ಳಲ್ಲದ ಹೆಸರುಳ್ಳವನೇ ಆ ಕೆಲಸ ಮಾಡಿದನೆಂಬುದು ಹೇಳಬೇಕಾದ ಮಾತು.

1998ರ ಬೇಸಿಗೆಯಲ್ಲಿ ಊರಿನ ದೊಡ್ಡ ಮನೆಯೊಂದರ ಮೊಮ್ಮಗನನ್ನು ನಾಯಿ ಕಚ್ಚಿತು. ಅದುವರೆಗೆ ಕೂಲಿಯವರ ಮಕ್ಕಳನ್ನು ಕಚ್ಚಿದಾಗ ಸುಮ್ಮನಿದ್ದ ಪಂಚಾಯಿತಿ ಒಂದೇ ದಿನದಲ್ಲಿ ಠರಾವು ಮಾಡಿತು. ಬೀದಿನಾಯಿಗಳನ್ನು ಮುಗಿಸಲು ಒಂದು ಡಬ್ಬಿ ವಿಷದ ಪುಡಿ ತರಿಸಿ ದವಾಖಾನೆಗೆ ಕಳುಹಿಸಿತು. ಅದನ್ನು ಮಾಂಸದ ಚೂರುಗಳಿಗೆ ಬೆರೆಸಿ ಹಾಕಬೇಕೆಂದು ಡಾಕ್ಟರು ಏಕಾಂತಪ್ಪನಿಗೆ ಹೇಳಿದರು.

“ಮಾಂಸ ನಾ ಮುಟ್ಟಂಗಿಲ್ರಿ ಸರ್.”

“ಮತ್ತ ಹೆಂಗ ಮಾಡೂದು?”

“ರೊಟ್ಟಿಗಿ ಬೆಲ್ಲ ಹಚ್ಚಿ ಕೊಟ್ರ ತಿಂತಾವ್ರಿ,” ಎಂದ ಏಕಾಂತಪ್ಪ.

ಕೊಲ್ಲುವುದಿಲ್ಲವೆಂದು ಅವನು ಹೇಳಲಿಲ್ಲ. ಮಾಂಸ ಮುಟ್ಟುವುದಿಲ್ಲವೆಂದಷ್ಟೇ ಹೇಳಿದ. ಪಂಚಾಯಿತಿಯ ಕೂಲಿಯವರಿಗೆಂದು ಸುಳ್ಳು ಹೇಳಿ ಹೆಂಡತಿ ಕೊಟ್ರಮ್ಮನಿಂದ ನಲವತ್ತು ಜೋಳದ ರೊಟ್ಟಿ ಮಾಡಿಸಿದ. ಮರುದಿನ ಬೆಳಿಗ್ಗೆ ಬೀದಿ ಬೀದಿಗೆ ಹೋಗಿ, ಪ್ರೀತಿಯಿಂದ ಕರೆದು, ಕೈಯಿಂದಲೇ ತಿನ್ನಿಸಿದ. ನಾಯಿಗಳು ಅವನನ್ನು ಬಲ್ಲವು; ಬಾಲ ಅಲ್ಲಾಡಿಸುತ್ತ ಬಂದವು. ಮಧ್ಯಾಹ್ನದೊಳಗೆ ಮೂವತ್ತೊಂದು ಸತ್ತವು. ಏಕಾಂತಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ ಊಟಕ್ಕೆ ಕುಳಿತ. ಅವನ ಶಾಸ್ತ್ರದ ಪ್ರಕಾರ ಮೈಲಿಗೆಯೇನೂ ಆಗಿರಲಿಲ್ಲ.

ಮೂವತ್ತೆರಡನೆಯದು ಸಾಯಲಿಲ್ಲ. ಆರು ತಿಂಗಳ ಹೆಣ್ಣುಮರಿ, ಕೆಂಚು ಮೈಯದು, ಅರೆಜೀವವಾಗಿ ಬಂದು ದವಾಖಾನೆಯ ಚರಂಡಿಯಲ್ಲಿ ಬಿದ್ದಿತ್ತು. ಕಾಲುಗಳು ಕೊರಡಿನಂತೆ ಸೆಟೆದಿದ್ದವು. ಏಕಾಂತಪ್ಪ ಅದನ್ನು ನೋಡಿದ; ಅದೂ ಅವನನ್ನು ನೋಡಿ ಹಿಂದೆ ಸರಿಯಲು ಯತ್ನಿಸಿತು. ಆಗ ಅವನೊಳಗೆ ಏನಾಯಿತೋ, ಸಂಜೆಯವರೆಗೂ ಪಕ್ಕದಲ್ಲಿ ಕುಳಿತು, ವಾಂತಿ ಮಾಡಿಸಿ, ಔಷಧಿ ಹಾಕಿ ಉಳಿಸಿದ. ದವಾಖಾನೆಯ ಆವರಣದಲ್ಲಿದ್ದ ತನ್ನ ಕ್ವಾರ್ಟರ್ಸಿನ ಹಿತ್ತಿಲಿಗೆ ತಂದ. ಕೊಟ್ರಮ್ಮ ಅದನ್ನು ಕೆಂಚಿ ಎಂದು ಕರೆದಳು. ಮೂರನೆಯ ದಿನ ಅವಳಿಗೆ ರೊಟ್ಟಿಯ ಸಂಗತಿ ತಿಳಿಯಿತು. ಅವಳು ಜಗಳ ಮಾಡಲಿಲ್ಲ. ಅಂದಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ನಿಂತಿತು. ಎರಡು ಹೊತ್ತೂ ಅನ್ನ.

ಕೆಂಚಿ ಬದುಕಿತು, ಆದರೆ ಒಂದು ವಿಷಯ ಕಲಿತು ಬದುಕಿತು: ಕೈಯಿಂದ ಬಂದದ್ದನ್ನು ತಿನ್ನಬಾರದು. ಬಟ್ಟಲನ್ನು ನೆಲದ ಮೇಲಿಟ್ಟು, ಮನುಷ್ಯರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ತಿನ್ನುತ್ತಿತ್ತು. ಯಾರಾದರೂ ಕೈ ಚಾಚಿದರೆ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಬೊಗಳುತ್ತಿರಲಿಲ್ಲ, ಕಚ್ಚುತ್ತಿರಲಿಲ್ಲ.

ಸರಕಾರಿ ಆವರಣದಲ್ಲಿ ನಾಯಿ ಸಾಕುವಂತಿಲ್ಲವೆಂದು ಡಾಕ್ಟರು ಎರಡು ಸಲ ಹೇಳಿದ್ದರು. ಹಾಗಾಗಿ ಏಕಾಂತಪ್ಪ ಅದಕ್ಕೊಂದು ಮನೆ ಹುಡುಕತೊಡಗಿದ. ಮೊದಲು ಒಪ್ಪಿದವನು ಕೊಟ್ರಮ್ಮನ ತಮ್ಮ ಗುರುಬಸವರಾಜ. ಕೊಟ್ಟೂರಿನಲ್ಲಿ ಅವನದು ಬಟ್ಟೆ ಅಂಗಡಿ, ಹಿಂದೆಯೇ ಮನೆ. ಆ ಮನೆಯಲ್ಲೊಂದು ಪದ್ಧತಿ ಇತ್ತು. ಆಕಳಿರಲಿ, ಗಿಳಿಯಿರಲಿ, ಹೊಸದಾಗಿ ಬಂದ ಜೀವಕ್ಕೆ ಮನೆಯ ಹೆಣ್ಣುಮಗಳು ಹೊಸ್ತಿಲ ಬಳಿ ನಿಂತು ಕೈಯಿಂದ ಮೊದಲ ತುತ್ತು ಕೊಡಬೇಕು. ಅದು ತಿಂದ ಮೇಲೆಯೇ ಮನೆಯದಾಗುತ್ತದೆ. ಗುರುಬಸವರಾಜನ ಹೆಂಡತಿ ಶಾಂಭವಿ ತುಪ್ಪ ಕಲಸಿದ ಅನ್ನ ಹಿಡಿದು ನಿಂತಳು. ಕೆಂಚಿ ಏಕಾಂತಪ್ಪನ ಬುಟ್ಟಿಯೊಳಗೆ ಮತ್ತೆ ಹೊಕ್ಕಿತು.

“ಏನ್ರಿ ಮಾವಾರ, ನಾಯಿ ತಂದೀರೋ ಸನ್ಯಾಸಿ ತಂದೀರೋ? ತುಪ್ಪದನ್ನ ಒಲ್ಲೆ ಅಂತೈತಲ್ಲ,” ಎಂದ ಗುರುಬಸವರಾಜ.

“ಹೆದರಿಕಿ ಸ್ವಭಾವ. ರೂಢಿ ಆಗ್ತೈತಿ ಬಿಡು.”

“ಯಾರರ ಹೊಡದಿದ್ರೇನು ಇದನ್ನ?” ಎಂದು ಶಾಂಭವಿ ಕೇಳಿದಳು.

“ಛೆ, ಹೊಡಿಯಾರು ಯಾರವ್ವ,” ಎಂದು ಏಕಾಂತಪ್ಪ ಉತ್ತರಿಸಿದ. ಯಾರೂ ಹೊಡೆದಿರಲಿಲ್ಲವೆಂಬುದು ನಿಜವೇ. ಅಕ್ಷರಶಃ ನಿಜವಾದ ಮಾತುಗಳಿಂದಲೇ ಮನುಷ್ಯ ಅತ್ಯಂತ ಸಲೀಸಾಗಿ ಸುಳ್ಳು ಹೇಳುತ್ತಾನೆ.

ಕಾರಣ ತಿಳಿಯದ ಶಾಂಭವಿ ನಾಲ್ಕು ದಿನ ಕೈತುತ್ತು ಹಿಡಿದು ಅದರ ಹಿಂದೆ ತಿರುಗಿದಳು. ಬಟ್ಟಲಲ್ಲಿ ಹಾಕಿದರೆ ಪದ್ಧತಿ ಕೆಡುತ್ತದೆಂದು ಹಾಕಲಿಲ್ಲ. ನಾಲ್ಕು ದಿನವೂ ಕೆಂಚಿ ಉಪವಾಸವಿತ್ತು. ಐದನೆಯ ದಿನ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಬಂತು. “ಮನಿ ತುತ್ತು ಒಲ್ಲದ ಜೀವ ಮನ್ಯಾಗ ಇರಬಾರದ್ರಿ ಮಾವಾರ. ನಮ್ಮಾಕಿ ಬಾಳ ಮನಸಿಗಿ ಹಚಗೊಂಡಾಳ. ಬಂದು ಒಯ್ಯಿರಿ.” ಏಕಾಂತಪ್ಪ ಹೋಗಿ ಕರೆತಂದ. ಬುಟ್ಟಿ ಹಗುರವಾಗಿತ್ತು.

ಶ್ರಾವಣ ಕಳೆಯುವಷ್ಟರಲ್ಲಿ ಊರಲ್ಲಿ ಮತ್ತೆ ನಾಯಿಗಳು ಸೇರಿಕೊಂಡವು. ಮತ್ತೆ ಡಬ್ಬಿ ಬಂತು. ಸೋಮವಾರದಿಂದ ಕೆಲಸ ಶುರುವೆಂದು ಡಂಗುರವಾಯಿತು. ಈ ಸಲ ತಾನು ಬೆರೆಸುವುದಿಲ್ಲವೆಂದು ಏಕಾಂತಪ್ಪ ಡಾಕ್ಟರ ಮುಂದೆ ನಿಂತು ಹೇಳಿದ.

“ನೀ ಮಾಡದಿದ್ರ ಇನ್ನೊಬ್ಬ ಮಾಡ್ತಾನ, ಬಿಡು,” ಎಂದರು ಡಾಕ್ಟರು, ಕೋಪವಿಲ್ಲದೆ. “ಆದ್ರ ನಿನ್ನ ನಾಯಿ ಸೋಮವಾರ ಆವರಣದಾಗ ಕಂಡ್ರ ನಾ ಅಡ್ಡ ಬರಂಗಿಲ್ಲ. ಪಂಚಾಯಿತಿಯೋರು ನನ್ನ ಕೇಳಿ ಹಾಕಂಗಿಲ್ಲ.”

ಅಂದು ಶುಕ್ರವಾರ. ಉಳಿದದ್ದು ಒಂದೇ ಆಸೆ: ಹಡಗಲಿ ಹತ್ತಿರ ಮಲ್ಲಿಗೆ ತೋಟ ಮಾಡಿಕೊಂಡಿದ್ದ ದೂರದ ಸಂಬಂಧಿ ಪಾಲಾಕ್ಷಪ್ಪ. ತೋಟಕ್ಕೊಂದು ನಾಯಿ ಬೇಕೆಂದು ಅವನು ಹೇಳಿ ಕಳುಹಿಸಿದ್ದ. ಭಾನುವಾರ ಅವನ ಮನೆಯಲ್ಲಿ ಮೈಲಾರಲಿಂಗನಿಗೆ ದೋಣಿ ತುಂಬಿಸುವ ಹರಕೆಯಿತ್ತು, ಅಂದೇ ಬರಬೇಕೆಂದ. ಏಕಾಂತಪ್ಪ ಕೆಂಚಿಯನ್ನು ಬುಟ್ಟಿಯಲ್ಲಿ ಕೂರಿಸಿ, ಬಸ್ಸಿನವರು ಹತ್ತಿಸಿಕೊಳ್ಳದ ಕಾರಣ ತರಕಾರಿ ಟೆಂಪೋ ಹಿಡಿದು, ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಇನ್ನೊಂದನ್ನು ಹತ್ತಿ ಹೋದ.

ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದರು. ಕರಿಕಂಬಳಿ ಹೊದ್ದ ಐವರು ಗೊರವರು ಸಾಲಾಗಿ ಕುಳಿತಿದ್ದರು. ಗೊರವರೆಂದರೆ ಮೈಲಾರಲಿಂಗನ ನಾಯಿಗಳೆಂದು ದೀಕ್ಷೆ ಪಡೆದವರು. ಅವರ ಮುಂದೆ ಅವರು ಉಣ್ಣುವ ಮರದ ಬಟ್ಟಲುಗಳು, ದೋಣಿಗಳು. ಅವುಗಳಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ. ಏಕಾಂತಪ್ಪ ಕೆಂಚಿಯನ್ನು ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿದ. ಪಾಲಾಕ್ಷಪ್ಪ ಬಂದು ನೋಡಿದ.

“ಬೊಗಳತೈತೇನ್ರಿ ಇದು?”

“ಮನಿ ರೂಢಿ ಆದ್ರ ಬೊಗಳತೈತ್ರಿ.” ನಾಲಗೆಯ ಮೇಲೆ ಮೊದಲೇ ಸಿದ್ಧವಾಗಿದ್ದ ಉತ್ತರ ಅದು.

“ಏಳು ಕೋಟಿಗೋ” ಎಂಬ ಕೂಗೆದ್ದಿತು. ಹೆಂಗಸರು ಗೊರವರ ಹಣೆಗೆ ಭಂಡಾರ ಹಚ್ಚಿ ಕಾಲಿಗೆರಗಿದರು. ಗೊರವರು ನಾಲ್ಕು ಕಾಲ ಮೇಲೆ ನಿಂತು, ಬೊಗಳಿ, ಗುರುಗುಟ್ಟಿ, ಕೈ ಮುಟ್ಟಿಸದೆ ದೋಣಿಗೆ ಬಾಯಿ ಹಾಕಿದರು. ಸೇರಿದವರೆಲ್ಲ ಕೈಮುಗಿದು ನಿಂತರು. ನಾಯಿಯಾದ ಮನುಷ್ಯನಿಗೆ ಹಾಲುತುಪ್ಪ ಬಡಿಸಿ ಕೈಮುಗಿಯುವ ಈ ನಾಡು, ನಾಯಿಯಾಗಿಯೇ ಹುಟ್ಟಿದ್ದಕ್ಕೆ ಏನು ಬಡಿಸುತ್ತದೆಂಬುದನ್ನು ಏಕಾಂತಪ್ಪ ಚೆನ್ನಾಗಿ ಬಲ್ಲ. ಅವನು ಕೈಮುಗಿಯಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ಸಾಲಿನ ಕೊನೆಯಲ್ಲಿದ್ದವನು ಚಿಗಟೇರಿಯ ದುರುಗಣ್ಣ. ಎಪ್ಪತ್ತರ ಮುದುಕ, ಹಲ್ಲಿಲ್ಲದ್ದರಿಂದ ನಿಧಾನವಾಗಿ ತಿನ್ನುತ್ತಿದ್ದ. ಉಳಿದವರು ಎದ್ದರೂ ಅವನ ದೋಣಿ ಅರ್ಧ ತುಂಬಿತ್ತು. ಆಗ ಜನ ಒಮ್ಮೆಲೇ ಸುಮ್ಮನಾದರು. ಏಕಾಂತಪ್ಪ ತಿರುಗಿ ನೋಡಿದ. ಗೂಟದಲ್ಲಿ ಬರೀ ಹಗ್ಗ ಉಳಿದಿತ್ತು. ಕೆಂಚಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತ ಹೋಗಿ, ದುರುಗಣ್ಣನ ದೋಣಿಯ ಇನ್ನೊಂದು ಅಂಚಿಗೆ ಮೂತಿಯಿಟ್ಟು ನೆಕ್ಕತೊಡಗಿತ್ತು. ಮುದುಕ ಕಣ್ಣೆತ್ತಿ ನೋಡಿದ; ಮತ್ತೆ ಬಗ್ಗಿ ತನ್ನ ಕಡೆಯ ಹಾಲು ಕುಡಿದ. ಮನುಷ್ಯನ ಎದುರಿಗೆ ಅದು ಉಂಡದ್ದನ್ನು ಏಕಾಂತಪ್ಪ ಐದು ತಿಂಗಳಲ್ಲಿ ನೋಡಿರಲಿಲ್ಲ.

“ಎಬ್ಬಿಸ್ರಿ ಅದನ್ನ,” ಎಂದಳು ಪಾಲಾಕ್ಷಪ್ಪನ ಅಕ್ಕ ನಾಗಕ್ಕ. “ದೇವ್ರ ದೋಣಿ ಕೆಡಿಸ್ತು.”

ಪಾಲಾಕ್ಷಪ್ಪ ಕೋಲು ತೆಗೆದುಕೊಂಡ. ದುರುಗಣ್ಣ ತಲೆಯೆತ್ತಿದ, ಬಿಳಿ ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

“ಯಪ್ಪಾ, ನನ್ನ ಏನಂತ ಕರಸೀರಿ ಇಲ್ಲಿಗಿ?”

“ಗೊರವಯ್ಯ ಅಂತ ಕರಸೀವಿ.”

“ಗೊರವಯ್ಯ ಅಂದ್ರ ಏನು? ನಾಯಿ ಹೌದಲ್ಲ? ನಾಯಿ ಸಂಗಾಟ ನಾಯಿ ಉಂಡ್ರ ಕೆಡೂದೇನೈತಿ? ಹೊಡಿಯೂದಿದ್ರ ನನ್ನಿಂದ ಶುರು ಮಾಡು, ನಾ ಹಿರಿ ನಾಯಿ.”

ಯಾರೋ ನಕ್ಕರು. ನಾಗಕ್ಕ ನಗಲಿಲ್ಲ. ಪಾಲಾಕ್ಷಪ್ಪ ಕೋಲು ಕೆಳಗಿಟ್ಟು ಏಕಾಂತಪ್ಪನ ಕಡೆ ತಿರುಗಿದ. “ತಪ್ಪು ತಿಳಕಬ್ಯಾಡ್ರಿ. ಹರಕಿ ದಿನ ಹಿಂಗಾತು, ಅಕ್ಕ ಒಪ್ಪಂಗಿಲ್ಲ. ಬೊಗಳೂ ನಾಯಿನೂ ಅಲ್ಲ ಇದು. ನಮಗ ಬ್ಯಾಡ್ರಿ.”

ನಾಳೆ ಸೋಮವಾರ. ಏಕಾಂತಪ್ಪ ಅಂಗಳಕ್ಕಿಳಿದು ದುರುಗಣ್ಣನ ಎದುರು ಕುಕ್ಕುರುಗಾಲಿನಲ್ಲಿ ಕುಳಿತ. ಕೆಂಚಿ ಮುದುಕನ ಕಂಬಳಿಯ ಹಿಂದಕ್ಕೆ ಸರಿಯಿತು.

“ಅಜ್ಜಾರ, ಇದನ್ನ ನೀವು ಒಯ್ತೀರೇನ್ರಿ?”

“ಒಯ್ಬಹುದು. ಮನ್ಯಾಗ ಸೊಸಿ ಅದಾಳ, ನಾಲ್ಕು ಕುರಿ ಅದಾವು.” ದುರುಗಣ್ಣ ಬಾಳೆಹಣ್ಣಿನ ಚೂರೊಂದನ್ನು ಅಂಗೈಯಲ್ಲಿಟ್ಟು ಹಿಂದಕ್ಕೆ ಚಾಚಿದ. ಕೆಂಚಿ ಹಾರಿ ಎರಡು ಮಾರು ದೂರ ಹೋಗಿ ನಿಂತಿತು. “ಈಗ ದೋಣ್ಯಾಗ ತಿಂತು. ಕೈ ಅಂದ್ರ ಯಾಕ ಹಿಂಗ ಮಾಡತೈತಿ ಇದು?”

ಹೆದರಿಕೆ ಸ್ವಭಾವ, ರೂಢಿಯಾಗುತ್ತದೆ. ಆ ಮಾತು ಏಕಾಂತಪ್ಪನ ಬಾಯಿಗೆ ಬಂತು. ಹೇಳಿದ್ದರೆ ಮುದುಕ ನಂಬುತ್ತಿದ್ದ, ನಾಯಿಯನ್ನು ಒಯ್ಯುತ್ತಿದ್ದ, ಚಿಗಟೇರಿಯ ಸೊಸೆ ಕೈಯಲ್ಲಿ ರೊಟ್ಟಿ ಹಿಡಿದು ನಾಲ್ಕು ದಿನ ತಿರುಗುತ್ತಿದ್ದಳು. ಪಾಲಾಕ್ಷಪ್ಪ, ನಾಗಕ್ಕ, ಬಂಧುಗಳು ಎಲ್ಲರೂ ಕೇಳುತ್ತ ನಿಂತಿದ್ದರು. ಹತ್ತೊಂಬತ್ತು ವರ್ಷದ ಹೆಸರು ಅವರೆಲ್ಲರ ಬಳಿಯಿತ್ತು.

“ಊರ ನಾಯಿಗೋಳಿಗೆ ವಿಷ ಹಾಕಿದ್ರು,” ಎಂದು ಆರಂಭಿಸಿದ, ಅಲ್ಲಿಗೇ ನಿಂತ. ಮತ್ತೆ ಹೇಳಿದ: “ಹಾಕಿದ್ರು ಅಲ್ರಿ, ನಾನ ಹಾಕಿದೆ. ಬೆಲ್ಲ ಹಚ್ಚಿದ ರೊಟ್ಟ್ಯಾಗ. ಕರದು ಕರದು ಕೈಯಾಗ ತಿನ್ನಿಸಿದೆ. ಇದು ಒಂದ ಉಳೀತು.”

ನಾಗಕ್ಕ ಸೆರಗನ್ನು ಬಾಯಿಗೆ ಹಿಡಿದಳು.

“ಎಷ್ಟು ಸತ್ತುವು?” ಎಂದು ಮುದುಕ ಕೇಳಿದ.

“ಮೂವತ್ತೊಂದು.”

ದುರುಗಣ್ಣ ಕಂಬಳಿಯ ಅಂಚಿನಿಂದ ಮೀಸೆ ಒರೆಸಿಕೊಂಡ. ಆಮೇಲೆ, “ಹೇಳಿದ್ದು ಚಲೋ ಆತು,” ಎಂದ. “ನಮ್ಮ ಮನ್ಯಾಗ ಯಾರೂ ಕೈಯಾಗ ಕೊಡಂಗಿಲ್ಲ. ನೆಲಕ್ಕ ಇಟ್ಟು ನಾನೂ ಮಗ್ಗುಲಾಗ ಬಾಯಿ ಹಾಕ್ತೀನಿ, ನನಗೇನು ನಾಚಿಕಿಲ್ಲ. ಒಯ್ತೀನಿ.”

“ನಾ ಬಂದು ನೋಡಿಕ್ಯಂತ ಇರ್ತೀನ್ರಿ ಅಜ್ಜಾರ. ಔಷಧಿ ಏನರ ಬೇಕಾದ್ರ…”

“ನೀವು ಬರಬ್ಯಾಡ್ರಿ.” ಮುದುಕನ ದನಿಯಲ್ಲಿ ಕಠೋರತೆಯೇನೂ ಇರಲಿಲ್ಲ. “ಕಾಲು ನೋಡ್ರಿ ಅದರದು. ನೀವು ಮಾತಾಡಿದಾಗೊಮ್ಮೆ ನಡಗತಾವು.”

ಏಕಾಂತಪ್ಪ ನೋಡಿದ. ಐದು ತಿಂಗಳು ಅನ್ನ ಹಾಕಿ, ಹುಣ್ಣು ತೊಳೆದು, ತಾನು ಮಾಡಿದ್ದನ್ನು ಅದು ಮರೆತಿದೆ ಎಂದುಕೊಂಡಿದ್ದ. ಹಿಂಗಾಲುಗಳು ನಡುಗುತ್ತಿದ್ದವು. ಅವನು ಎದ್ದು ಬಾಗಿಲ ಹೊರಗೆ ಹೋಗಿ ನಿಂತ. ಅಲ್ಲಿಂದ ಹಿಂತಿರುಗಿ ನೋಡಿದಾಗ ಕಾಲುಗಳ ನಡುಕ ನಿಂತಿತ್ತು.

ರಾತ್ರಿಯ ಊಟದ ಹೊತ್ತಿಗೆ ಮನೆ ಮುಟ್ಟಿದ. ಕೊಟ್ರಮ್ಮ ಬಾಗಿಲು ತೆರೆದು ಅವನ ಬರಿಗೈಯನ್ನು ನೋಡಿದಳು. ನಡೆದದ್ದನ್ನೆಲ್ಲ, ಅಂಗಳದಲ್ಲಿ ಆಡಿದ ಮಾತನ್ನೂ ಬಿಡದೆ, ಅವನು ಹೇಳಿದ. ಅವಳು ಕೇಳಿ ಮುಗಿಸಿ ಕಾಲಿಗೆ ನೀರು ತಂದಿಟ್ಟಳು.

“ಚಿಗಟೇರಿ ಏನು ದೂರಲ್ಲ. ದೀಪಾವಳಿ ಮುಂದ ಒಮ್ಮಿ ಹೋಗಿ ನೋಡಿಕ್ಯಂಡು ಬರೂಣೇನ್ರಿ?”

ಏಕಾಂತಪ್ಪ ಕಾಲು ತೊಳೆಯುತ್ತಿದ್ದ. “ನೀ ಹೋಗಿ ಬಾ,” ಎಂದ.