ಒಪ್ಪಿಗೆ ಬಂದ ಮೇಲೆ

ಭಾಲ್ಕಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮಾಧವ ಮಾಸ್ತರರ ಮನೆಗೂ ಬಸ್ ಕಂಡಕ್ಟರ್ ಏಕನಾಥನ ಮನೆಗೂ ನಡುವೆ ಗಿಡ್ಡದೊಂದು ಗೋಡೆ. ದೊಡ್ಡವರು ಬಾಗಿಲಿನಿಂದ ಬಂದು ಹೋಗುತ್ತಿದ್ದರು, ಮಕ್ಕಳು ಗೋಡೆ ಹಾರುತ್ತಿದ್ದರು. ಏಕನಾಥನ ಹೆಂಡತಿ ಅನುಸೂಯಾಬಾಯಿ ಅಂಗನವಾಡಿಗೆ ಬೆಳಿಗ್ಗೆ ಬೇಗ ಹೊರಡಬೇಕಾಗಿದ್ದರಿಂದ ಅವರ ಮಗಳು ಆಮ್ರಪಾಲಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸುವ ಕೆಲಸ ಮಾಸ್ತರರ ಹೆಂಡತಿ ಕಾವೇರಿಬಾಯಿಯದಾಗಿತ್ತು. ಕಾವೇರಿಬಾಯಿಗೆ ಇದ್ದದ್ದು ಒಬ್ಬನೇ ಮಗ, ಕೌಶಿಕ. ಅವನೂ ಆಮ್ರಪಾಲಿಯೂ ಒಂದೇ ತರಗತಿ.

ಕೌಶಿಕ ಅಳುಬುರುಕ, ಆಮ್ರಪಾಲಿ ಹೊಡೆದು ಬರುವವಳು. ನಾಯಿ ಬೆನ್ನು ಹತ್ತಿದರೆ ಕಲ್ಲು ಎತ್ತುತ್ತಿದ್ದವಳು ಆಕೆ. ಅನುಸೂಯಾಬಾಯಿಯ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುವುದು ಅವನಿಗೆ ದಿನದ ರೂಢಿ. ಆಮ್ರಪಾಲಿ ಮಾಸ್ತರರ ಮನೆಯಲ್ಲಿ ಪಡಸಾಲೆಯವರೆಗೆ ಮಾತ್ರ ಹೋಗುತ್ತಿದ್ದಳು. ಒಳಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಏಕನಾಥನದು ದಲಿತ ಬೌದ್ಧರ ಮನೆ, ಮಾಸ್ತರರು ಡಾಬಕಾ ಹಳ್ಳಿಯ ಮರಾಠಾ ಜಮೀನುದಾರರ ಕಡೆಯವರು. ಈ ಮಾತನ್ನು ಮಕ್ಕಳಿಗೆ ಯಾರೂ ವಿವರಿಸಿ ಹೇಳಿರಲಿಲ್ಲ. ಆದರೂ ಮಕ್ಕಳಿಗೆ ಗೊತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಹುಡುಗರು ಇಬ್ಬರ ಹೆಸರು ಕೂಡಿಸಿ ಕಾಡತೊಡಗಿದಾಗ ಕೌಶಿಕ ಎಲ್ಲರೆದುರು ಜೋರಾಗಿ ಹೇಳಿಬಿಟ್ಟ: "ಆಕಿ ನಮ್ಮ ಬಾಜೂ ಮನಿಯಾಕಿ, ಅಷ್ಟೇ. ಅವರು ಬ್ಯಾರೆ ಮಂದಿ."

ಮರುದಿನದಿಂದ ಆಮ್ರಪಾಲಿ ತನ್ನ ಜಡೆ ತಾನೇ ಹಾಕಿಕೊಂಡಳು. ಗೋಡೆ ಹಾರುವುದೂ ನಿಂತಿತು. ಕಾವೇರಿಬಾಯಿ ಕಾರಣ ಕೇಳಿದರೆ, "ದೊಡ್ಡಾಕಿ ಆಗೀನಲ್ರಿ ಕಾಕು" ಎಂದು ನಕ್ಕಳು. ಆ ವಯಸ್ಸಿನಲ್ಲಿ ಆಕೆ ಅವನನ್ನು ದ್ವೇಷಿಸಿದಷ್ಟು ಆಮೇಲೆ ಯಾರನ್ನೂ ದ್ವೇಷಿಸಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು, ಪಿಯುಸಿಯೂ ಮುಗಿಯಿತು. ಆಕೆ ನರ್ಸಿಂಗ್ ಕಲಿಯಲು ಬೀದರ್‌ಗೆ ಹೋದಳು, ಅವನೂ ಅಲ್ಲಿಯೇ ಪದವಿಗೆ ಸೇರಿದ. ಊರಿಗೆ ಒಂದೇ ರೈಲಿನಲ್ಲಿ ಬಂದರೂ ಬೇರೆ ಬೇರೆ ಡಬ್ಬಿ ಹತ್ತುತ್ತಿದ್ದರು.

ಆಕೆ ಕೊನೆಯ ವರ್ಷದಲ್ಲಿದ್ದಾಗ ಕಾವೇರಿಬಾಯಿ ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಬೀದರಿನಲ್ಲಿ ಆಮ್ರಪಾಲಿ ತರಬೇತಿಯಲ್ಲಿದ್ದ ಆಸ್ಪತ್ರೆಗೇ ತಂದು ಸೇರಿಸಿದರು. ಆಪರೇಷನ್ ಆಗಿ ವಾರಗಟ್ಟಲೆ ಹಾಸಿಗೆ. ಹೆಂಗಸರ ವಾರ್ಡಿನಲ್ಲಿ ಮಾಸ್ತರರು ಮಾಡುವಂಥದ್ದು ಏನೂ ಇರಲಿಲ್ಲ. ಮಗನೂ ಅಷ್ಟೇ, ಔಷಧಿ ತರುವುದು, ಹೊರಗೆ ಕೂರುವುದು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹೇಲು ಉಚ್ಚೆ ತೆಗೆಯುವುದು, ಎಲ್ಲವನ್ನೂ ಆಮ್ರಪಾಲಿ ಮಾಡಿದಳು. ತನ್ನ ಪಾಳಿ ಮುಗಿದ ಮೇಲೂ ಮಾಡಿದಳು.

ಒಂದು ಮಧ್ಯಾಹ್ನ ಕೌಶಿಕ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಆಕೆ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಅವನ ಕೈಗೆ ಕೊಟ್ಟಳು.

"ನಿಮ್ಮವ್ವ ಮಾಡಿದ್ದೇನು?" ಎಂದ.

"ಇಲ್ಲ, ಹಾಸ್ಟೆಲಿನದು. ಚಲೋ ಇರಂಗಿಲ್ಲ. ತಿನ್ನು."

ಅವನು ತಿಂದ. ತಿನ್ನುತ್ತಲೇ ಕಣ್ಣು ತುಂಬಿಕೊಂಡಿತು. ಆಕೆಗೆ ನಗು ಬಂತು, ಇವನಿನ್ನೂ ಹಾಗೇ ಇದ್ದಾನಲ್ಲ ಎಂದು. ಅಷ್ಟು ವರ್ಷ ಕಟ್ಟಿಕೊಂಡಿದ್ದ ಸಿಟ್ಟು ಆ ನಗುವಿನಲ್ಲಿ ಸಡಿಲಾಯಿತು. ಇಬ್ಬರ ನಡುವೆ ಆಗುತ್ತಿದ್ದುದನ್ನು ಮೊದಲು ಕಂಡವಳು ಹಾಸಿಗೆಯಲ್ಲಿದ್ದ ಕಾವೇರಿಬಾಯಿಯೇ.

ಅದಾದ ಮೇಲೆ ಕೆಲವು ತಿಂಗಳು ಚೆನ್ನಾಗಿದ್ದವು. ಚೌಬಾರಾ ಗೋಪುರದ ಹತ್ತಿರ ಪೇರಲ ಹಣ್ಣು ಕೊಂಡು, ಉಪ್ಪು ಖಾರ ಹಚ್ಚಿಸಿಕೊಂಡು, ಕೋಟೆಯವರೆಗೆ ನಡೆದು ಹೋಗುತ್ತಿದ್ದರು. ಮಾತಿಗೆ ಕೊನೆ ಇರುತ್ತಿರಲಿಲ್ಲ. ರೈಲಿನಲ್ಲಿ ಒಂದೇ ಡಬ್ಬಿ.

ಅವನು ಖಾಸಗಿ ಕಾಲೇಜೊಂದರಲ್ಲಿ ಗಣಿತ ಕಲಿಸುವ ಕೆಲಸ ಹಿಡಿದು ಬೀದರಿನ ನೌಬಾದಿನಲ್ಲಿ ರೂಮು ಮಾಡಿದ. ಆಕೆಗೆ ಔರಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಸಿಕ್ಕಿತು. ಆಗ ಅವನು ತಂದೆಗೆ, ತನ್ನ ಬಾಬಾಗೆ, ಮದುವೆಯ ವಿಷಯ ಹೇಳಿದ. ಮಾಧವ ಮಾಸ್ತರರು ಕೂಗಾಡಲಿಲ್ಲ. ಬಹಳ ಹೊತ್ತು ಕನ್ನಡಕ ಒರೆಸುತ್ತ ಕೂತಿದ್ದು, "ಹುಡುಗಿಗಿ ನಾ ಏನೂ ಅನ್ನಂಗಿಲ್ಲ. ಚಲೋ ಹುಡುಗಿ. ಆದ್ರ ಡಾಬಕಾದಾಗ ನನ್ನ ತಮ್ಮಂದಿರು ಇದ್ದಾರ, ಅವರ ಹೆಣ್ಣುಮಕ್ಕಳ ಲಗ್ನ ಆಗಬೇಕು. ಜರಾ ತಡೀ" ಎಂದರು.

ಏಕನಾಥ ತನ್ನ ಮಗಳಿಗೆ ಇನ್ನೊಂದು ಮಾತು ಹೇಳಿದ. "ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅವರ ಬಾಗಲಿಗಿ ಹೋಗಿ ಕೇಳಂಗೂ ಇಲ್ಲ. ಮಾಸ್ತರು ಬಂದು ಕೇಳಲಿ."

ಆ 'ಜರಾ ತಡೀ' ಬೆಳೆಯುತ್ತಲೇ ಹೋಯಿತು. ಒಬ್ಬ ತಮ್ಮನ ಮಗಳ ಮದುವೆಯಾಯಿತು, ಇನ್ನೊಬ್ಬನ ಮಗಳಿಗೆ ಗಂಡು ಹುಡುಕತೊಡಗಿದರು. ಅಷ್ಟರಲ್ಲಿ ಕೌಶಿಕನ ಅಜ್ಜಿ ತೀರಿಕೊಂಡಳು, ವರ್ಷದ ತನಕ ಶುಭಕಾರ್ಯ ಬೇಡ ಎಂದರು. ಆಮೇಲೆ ಮಾಸ್ತರರು ನಿವೃತ್ತಿಯಾಗುವವರೆಗೆ ಎಂದರು. ಓಡಿಹೋಗುವ ಮಾತು ಕೌಶಿಕನ ಬಾಯಲ್ಲಿ ಬಂದರೆ ಆಮ್ರಪಾಲಿ, "ನಾವೇನು ಕದ್ದೀವೇನು ಓಡಿ ಹೋಗಲಿಕ್ಕಿ?" ಎನ್ನುತ್ತಿದ್ದಳು. ಅವನು ಮತ್ತೆ ಒತ್ತಾಯಿಸುತ್ತಿರಲಿಲ್ಲ.

ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ನೋಟಿಸು ಕೊಟ್ಟುಬಿಡೋಣ ಎಂದು ಇಬ್ಬರೂ ಗಟ್ಟಿ ಮಾಡಿದರು. ಆಕೆ ರಜೆ ಹಾಕಿ ಔರಾದಿನಿಂದ ಮೊದಲ ಬಸ್ಸಿಗೆ ಬೀದರ್‌ಗೆ ಬಂದು, ಕಚೇರಿಯ ಎದುರಿನ ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಅವನು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಹೇಗೋ ಸುದ್ದಿ ಹತ್ತಿ ಡಾಬಕಾದಿಂದ ಕಾಕಾ ಬಂದು ಮನೆಯಲ್ಲಿ ಕೂತಿದ್ದಾರೆ, ಬಾಬಾನ ಬೀಪಿ ಏರಿದೆ, ಇವತ್ತು ಆಗುವುದಿಲ್ಲ.

"ಆಯ್ತು," ಎಂದಳು ಆಕೆ. "ಬಾಬಾಗ ಗುಳಿಗಿ ಕೊಟ್ಟೀರೇನು?"

ಎರಡು ಬಾಳೆಹಣ್ಣು ತಿಂದು, ಸಿಕ್ಕ ಬಸ್ಸಿನಲ್ಲಿ ಔರಾದಿಗೆ ಹಿಂದಿರುಗಿದಳು. ಆಕೆಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಕಾಲು ನೋಯುತ್ತಿದ್ದವು, ಮಲಗಬೇಕು ಅನ್ನಿಸಿತು, ಅಷ್ಟೇ.

ನಂತರವೂ ಫೋನ್ ನಿಲ್ಲಲಿಲ್ಲ. "ಊಟ ಆಯ್ತೇನು?" "ಆಯ್ತು. ನಿಂದು?" "ಆಯ್ತು." "ಡ್ಯೂಟಿ ಹ್ಯಾಂಗಿತ್ತು?" "ಇತ್ತು." ಇಬ್ಬರೂ ಮಾತು ಬಿಡಲಿಲ್ಲ, ಬಿಡಲು ಅದರಲ್ಲಿ ಮಾತು ಅನ್ನುವಂಥದ್ದೂ ಉಳಿದಿರಲಿಲ್ಲ.

ಆದರೆ ಕಾವೇರಿಬಾಯಿ ಸುಮ್ಮನಿರಲಿಲ್ಲ. ಕಚೇರಿಯ ಹತ್ತಿರ ಆ ದಿನ ಆದದ್ದು ಗೊತ್ತಾದಾಗ ಗಂಡನ ಮುಂದೆ ನಿಂತು, "ದವಾಖಾನ್ಯಾಗ ಆ ಪೋರಿ ನನ್ನ ಹೇಲು ಉಚ್ಚಿ ತೆಗೆದಾಗ ನಿಮಗ ಜಾತಿ ನೆನಪಾಗಲಿಲ್ಲೇನ್ರಿ? ಆವಾಗ ಜರಾ ತಡೀ ಅನ್ನಬೇಕಿತ್ತು!" ಎಂದು ಕೇಳಿದಳು. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟಳು. ಅಡುಗೆ ಮಾಡಿ ಗಂಡನಿಗೆ ಬಡಿಸಿಟ್ಟು, ತಾನು ಕೋಲು ಊರಿಕೊಂಡು ಏಕನಾಥನ ಮನೆಗೆ ಹೋಗಿ ಅಲ್ಲಿ ಉಣ್ಣತೊಡಗಿದಳು. ಒಳಗೆ ಕೂತು ಅಲ್ಲ. ಹೊರಗೆ ಕಟ್ಟೆಯ ಮೇಲೆ, ಗಲ್ಲಿಯ ಮಂದಿ ನೋಡುವ ಹಾಗೆ. ಅನುಸೂಯಾಬಾಯಿಗೆ ಮೊದಮೊದಲು ಮುಜುಗರ. "ಒಳಗ ಬರ್ರಿ ವೈನಿ, ಮಂದಿ ನೋಡ್ಲತ್ತಾರ" ಎಂದರೆ, "ನೋಡಲಿ ಅಂತೇ ಕುಂತೀನಿ, ಇನ್ನೊಂದು ರೊಟ್ಟಿ ಹಾಕು" ಎನ್ನುತ್ತಿದ್ದಳು. ಬೇಸಿಗೆ ಕಳೆದು ಮಳೆಗಾಲ ಬಂದಾಗಲೂ ಕಟ್ಟೆಯ ಮೇಲೆ ತಗಡಿನ ಕೆಳಗೆ ಕೂತು ಉಂಡಳು.

ಮಾಸ್ತರರು ಸೋತರು. ಒಂದು ದಿನ ಡಾಬಕಾಕ್ಕೆ ಹೋಗಿ ತಮ್ಮಂದಿರಿಗೆ ಹೇಳಿ, ಅವರಿಂದ ಬಾಯಿಗೆ ಬಂದಂತೆ ಅನ್ನಿಸಿಕೊಂಡು ಬಂದರು. ಮರುದಿನ ಏಕನಾಥನ ಬಾಗಿಲಿಗೆ ಹೋಗಿ, ಚಪ್ಪಲಿ ಕಳಚಿ ಒಳಗೆ ಕೂತು, ಕೇಳಬೇಕಾದ್ದನ್ನು ಕೇಳಿದರು.

ಕೌಶಿಕ ಪೇಡೆಯ ಡಬ್ಬಿ ಹಿಡಿದುಕೊಂಡು ಔರಾದಿಗೆ ಹೋದ. ಡೆಂಗಿ ಜ್ವರದ ಕಾಲ. ಆಸ್ಪತ್ರೆಯ ವರಾಂಡದಲ್ಲಿಯೂ ಹಾಸಿಗೆ ಹಾಕಿದ್ದರು. ಪಾಳಿ ಮುಗಿಸಿ ಬಂದ ಆಮ್ರಪಾಲಿಯ ಕಣ್ಣು ಕೆಂಪಾಗಿದ್ದವು. ಇಬ್ಬರೂ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಚಹಾ ಹೇಳಿ ಕೂತರು.

"ಬಾಬಾ ಒಪ್ಪ್ಯಾರ," ಎಂದ.

"ಗೊತ್ತದ. ಅವ್ವ ಮುಂಜಾನಿ ಫೋನ್ ಮಾಡಿದ್ದಳು."

"ಖುಷಿ ಆಗಿಲ್ಲೇನು?"

"ನಿನಗ ಆಗ್ಯಾದೇನು?"

ಹೌದು ಎನ್ನಲು ಬಾಯಿ ತೆರೆದವನು ಸ್ವಲ್ಪ ತಡೆದ. "ಸುದ್ದಿ ಕೇಳಿದ ಕೂಡಲೆ ಕುಂತುಬಿಟ್ಟೆ, ಆಮ್ರು. ಮುಗೀತಪ್ಪ ಅನಿಸ್ತು. ಭಾಳ ದಿನದ ಮ್ಯಾಲ ಚಲೋ ನಿದ್ದಿ ಬಂತು."

"ಡ್ಯೂಟಿ ಮುಗಿದಾಗ ನನಗೂ ಹಂಗೇ ಆಗ್ತದ," ಎಂದಳು ಆಕೆ. "ಅದಕ್ಕ ಖುಷಿ ಅನ್ನಂಗಿಲ್ಲ."

ಚಹಾ ಬಂತು. ಅವನು ಲೋಟ ಮುಟ್ಟಲಿಲ್ಲ. "ನೀ ಇನ್ನೂ ಸಿಟ್ಟಿನಾಗ ಇದ್ದಿ. ಆವತ್ತು ಆಫೀಸಿಗಿ ಬರಲಿಲ್ಲ ಅಂತ."

"ಸಿಟ್ಟು ಇದ್ದಿದ್ರ ಚಲೋ ಇತ್ತು. ಜಗಳ ಆಡ್ತಿದ್ದೆ. ಮೊದಲೆಲ್ಲಾ ಫೋನಿನಾಗ ನಿನ್ನ ಹೆಸರು ಬಂದ್ರ ಎದಿ ಧಸಕ್ ಅಂತಿತ್ತು. ಈಗ ಮತ್ತ ಏನು ಹೇಳ್ತಾನೋ ಅನಿಸ್ತದ, ಅಷ್ಟೇ. ಸುಳ್ಳು ಹೇಳಂಗಿಲ್ಲ ನಿನಗ."

ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಕ್ಲೀನರ್ ಕೂಗು ನಿಂತ ಮೇಲೆ ಕೌಶಿಕ ಮೆಲ್ಲಗೆ, "ನನಗೂ ಹಂಗೇ ಆಗ್ಯಾದ. ಯಾವಾಗಿಂದ ಅಂತ ಗೊತ್ತಿಲ್ಲ. ಹೇಳಲಿಕ್ಕಿ ಧೈರ್ಯ ಇದ್ದಿದ್ದಿಲ್ಲ," ಎಂದ.

"ಬ್ಯಾರೆ ಯಾರರೆ ಇದ್ದಾರೇನು?"

"ಇಲ್ಲ. ನಿನಗ?"

"ನನಗ ಟೈಮ್ ಎಲ್ಲಿ ಅದ?"

ಇಬ್ಬರಿಗೂ ನಗು ಬಂತು. ಬಹಳ ದಿನಗಳ ಮೇಲೆ ಕೂಡಿ ನಕ್ಕದ್ದು. ನಕ್ಕು ಮುಗಿದ ಮೇಲೆ ಅವನು, "ಲಗ್ನ ಆದ ಮ್ಯಾಲ ಎಲ್ಲಾ ಸರಿ ಆಗಬಹುದಲ್ಲ?" ಎಂದು ಕೇಳಿದ.

"ಆಗಬಹುದು. ಆಗದಿದ್ರ? ಕಾಕು ಇಷ್ಟು ಮಾಡ್ಯಾರ ಅಂತ ನಾವು ಸಂಸಾರ ಮಾಡ್ಬೇಕೇನು?"

ಆಕೆ ಹೀಗೆ ಬೇಡ ಅಂದದ್ದು ಕೇಳಿ ಅವನಿಗೆ ಎದೆಯ ಭಾರ ಇಳಿದಂತಾಯಿತು. ಇಳಿದುದಕ್ಕೆ ನಾಚಿಕೆಯೂ ಆಯಿತು. ಅಳು ಬಂದೀತು ಎಂದು ಕಾದ. ಬರಲಿಲ್ಲ.

"ಕಾಕುಗ ನಾನೇ ಹೇಳ್ತೀನಿ," ಎಂದಳು ಆಮ್ರಪಾಲಿ. "ನೀ ಬಾಜೂಕ ನಿಲ್ಲು, ಸಾಕು."

ಆ ಭಾನುವಾರ ಇಬ್ಬರೂ ಭಾಲ್ಕಿಗೆ ಹೋದರು. ಏಕನಾಥನ ಪಡಸಾಲೆಯಲ್ಲಿ ಕಾವೇರಿಬಾಯಿ, ಅನುಸೂಯಾಬಾಯಿ ತೊಗರಿಬೇಳೆ ಆರಿಸುತ್ತ ಯಾವ ಬಣ್ಣದ ಸೀರೆ ಎಂದು ಮಾತಾಡುತ್ತಿದ್ದರು. ಆಮ್ರಪಾಲಿ ನಿಂತುಕೊಂಡೇ ಲಗ್ನ ಬೇಡವೆಂದು ಹೇಳಿದಳು. ಮಾತು ಬೆಳೆಸಲಿಲ್ಲ.

ಕಾವೇರಿಬಾಯಿ ಮೊರ ಕೆಳಗಿಟ್ಟಳು. "ಯಾರರೆ ಏನರೆ ಅಂದ್ರೇನು ನಿನಗ?"

"ಯಾರೂ ಅಂದಿಲ್ರಿ ಕಾಕು."

"ಇಂವ ಏನರೆ ಮಾಡ್ಯಾನೇನು?" ಎಂದು ಮಗನ ಕಡೆ ನೋಡಿದಳು.

"ಏನೂ ಮಾಡಿಲ್ರಿ," ಎಂದಳು ಆಮ್ರಪಾಲಿ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಇನ್ನೊಂದು ಅರ್ಥ ಆಕೆಗೂ ಕೇಳಿಸಿತು, ಅವನಿಗೂ ಕೇಳಿಸಿತು.

"ಹಂಗಾದ್ರ ಈ ಮಳಿ ಬಿಸಿಲಾಗ ನಾ ಕಟ್ಟಿ ಮ್ಯಾಲ ಯಾರ ಸಲುವಾಗಿ ಕುಂತಿದ್ದೆ?" ಕಾವೇರಿಬಾಯಿಯ ದನಿ ಗಲ್ಲಿಗೆ ಕೇಳುವಷ್ಟು ಏರಿತು. "ಕಟಕೊಂಡ ಗಂಡನ ಜೋಡಿ ಮಾತು ಬಿಟ್ಟೆ! ಹೇಳ್ರಿ, ಯಾರ ಸಲುವಾಗಿ?"

ಗದ್ದಲ ಕೇಳಿ ಮಾಸ್ತರರು ಪಕ್ಕದ ಮನೆಯಿಂದ ಬಂದರು. ವಿಷಯ ತಿಳಿದು ಅವರಿಗೆ ಸಮಾಧಾನವಾದೀತು ಎಂದು ಕೌಶಿಕ ಅಂದುಕೊಂಡಿದ್ದ. ಅವರು ಹೊಸ್ತಿಲ ಹತ್ತಿರವೇ ಪೆಚ್ಚಾಗಿ ನಿಂತರು. "ನಾ ಡಾಬಕಾಕ್ಕ ಹೋಗಿ ಎಲ್ಲಾರಿಗಿ ಹೇಳಿ ಬಂದೀನಲ್ಲೋ," ಎಂದರು. "ತಮ್ಮಂದಿರು ಇನ್ನ ನಮ್ಮ ಮಾರಿ ನೋಡಂಗಿಲ್ಲ ಅಂದಾರ."

ಏಕನಾಥ ಒಳಗಿನಿಂದ ಕುರ್ಚಿ ತಂದು ಹಾಕಿದ. "ಕೂಡ್ರಿ ಮಾಸ್ತರ. ಚಾ ಕುಡೀರಿ." ಮಾಸ್ತರರು ಕೂತರು. ಕಂಡಕ್ಟರನೂ ಮಾಸ್ತರರೂ ಮಕ್ಕಳ ಕಡೆ ನೋಡದೆ ಚಹಾ ಕುಡಿದರು.

ಮಾಸ್ತರರು ಎದ್ದು ಹೋದ ಮೇಲೆ ಕೌಶಿಕನೂ ಅವರ ಹಿಂದೆ ಹೋದ. ಕಾವೇರಿಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಆಮ್ರಪಾಲಿ ಹೋಗಿ ಆಕೆಯ ಕಾಲ ಹತ್ತಿರ ಕೂತು ಆಪರೇಷನ್ ಆದ ತೊಡೆಯನ್ನು ಮೆಲ್ಲಗೆ ಒತ್ತತೊಡಗಿದಳು.

"ನನ್ನ ಮ್ಯಾಲ ಸಿಟ್ಟಾಗೀರೇನ್ರಿ ಕಾಕು?"

"ಸಿಟ್ಟಿಲ್ಲ ಪೋರಿ. ಸಾಕಾಗ್ಯಾದ." ಕಣ್ಣು ತೆರೆಯದೆಯೇ ಕಾವೇರಿಬಾಯಿ ಹೇಳಿದಳು. ಮತ್ತೆ, "ನನಗ ನೀ ಮನಿಯಾಗ ಬೇಕಾಗಿದ್ದಿ. ಅವನ ಸಲುವಾಗಿ ಅಷ್ಟೇ ಅಲ್ಲ," ಎಂದಳು.

ಅದಕ್ಕೆ ಮಾತ್ರ ಆಮ್ರಪಾಲಿಯ ಕಣ್ಣು ತುಂಬಿತು. ಕೈ ನಿಲ್ಲಿಸಲಿಲ್ಲ.

ಮರುದಿನ ಬೆಳಿಗ್ಗೆ ಕೌಶಿಕ ಆಕೆಯನ್ನು ಗಾಡಿಯ ಮೇಲೆ ಬಸ್ ಸ್ಟ್ಯಾಂಡಿಗೆ ಬಿಟ್ಟ. ಔರಾದಿನ ಬಸ್ಸು ತುಂಬಿತ್ತು. ಅವನು ಕಿಟಕಿಯಿಂದ ಚೀಲ ಒಳಗೆ ಹಾಕಿ ಸೀಟು ಹಿಡಿದುಕೊಟ್ಟ.

"ಫೋನ್ ಮಾಡ್ಲೇನು ಸಂಜಿಕ?" ಎಂದು ಕೇಳಿದ.

"ಏನರೆ ಹೇಳೋದಿದ್ರ ಮಾಡು," ಎಂದಳು ಆಕೆ. ಮಾತಿನಲ್ಲಿ ಕೊಂಕಿರಲಿಲ್ಲ.

ಬಸ್ಸು ಹೊರಟಿತು. ಅವನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಮೊದಲ ತಾಸಿನ ಪಾಠಕ್ಕೆ ತಡವಾಗುತ್ತದೆಂದು ಬೀದರಿನ ಕಡೆ ಗಾಡಿ ತಿರುಗಿಸಿದ. ಆಮ್ರಪಾಲಿ ಕಿಟಕಿಯ ಸರಳಿಗೆ ತಲೆ ಆನಿಸಿದ್ದಳು. ಬಸ್ಸು ಊರು ದಾಟುವ ಮೊದಲೇ ಆಕೆಗೆ ನಿದ್ದೆ ಹತ್ತಿತ್ತು.